ಸ್ಕೂಬಾ ಡೈವಿಂಗ್‌ನಲ್ಲಿ ಸೀಸದ ತೂಕಗಳ ಸುರಕ್ಷಿತ ಬಳಕೆ ಮತ್ತು ಹಂಚಿಕೆ: ಸಾರ್ವಜನಿಕರಿಗೆ ಮಾಹಿತಿ

1. ಉದ್ದೇಶ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರ ಕಡಲತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನೇತ್ರಾಣಿ ದ್ವೀಪವಿದೆ. ಇದರ ಸುತ್ತಲಿನ ನೀರಿನಲ್ಲಿ ಮಳೆಗಾಲವನ್ನು ಹೊರತುಪಡಿಸಿ ಉಳಿದ ತಿಂಗಳುಗಳಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ರಾಜ್ಯದ ನಾಗರಿಕರು ಗೋವಾ, ಪುದುಚೇರಿ, ಲಕ್ಷದ್ವೀಪ ಮತ್ತು ಅಂಡಮಾನ್ ದ್ವೀಪಗಳಿಗೂ ಈ ಉದ್ದೇಶಕ್ಕಾಗಿ ತೆರಳುತ್ತಾರೆ. ಡೈವಿಂಗ್‌ಗೆ ಹೆಸರು ನೋಂದಾಯಿಸುವವರು ಸಾಮಾನ್ಯವಾಗಿ ಸಿಲಿಂಡರ್‌ನ ಗಾಳಿ, ಮಾಸ್ಕ್ ಹಾಗೂ ಸಮುದ್ರದ ಸ್ಥಿತಿಯ ಬಗ್ಗೆ ವಿಚಾರಿಸುತ್ತಾರೆ. ಸೊಂಟಕ್ಕೆ ಕಟ್ಟುವ ಸೀಸದ ತೂಕದ ಬಗ್ಗೆ ವಿಚಾರಿಸುವವರು ವಿರಳ. ಆದರೆ ಡೈವರ್ ನೀರಿನೊಳಗೆ ನಿಯಂತ್ರಣದಲ್ಲಿ ಇರುವುದು ಮತ್ತು ತೊಂದರೆಯಾದಾಗ ಮೇಲ್ಮೈಯಲ್ಲಿ ತೇಲುತ್ತಾ ಉಳಿಯುವುದು ಬಹುಮಟ್ಟಿಗೆ ಈ ತೂಕವನ್ನೇ ಅವಲಂಬಿಸಿದೆ.

ಡೈವಿಂಗ್ ಅವಘಡಗಳಲ್ಲಿ ಮೃತಪಟ್ಟವರ ಪೈಕಿ ಅನೇಕರ ಮೈಮೇಲೆ ತೂಕದ ಬೆಲ್ಟ್ ಹಾಗೆಯೇ ಉಳಿದಿದ್ದುದು ವಿವಿಧ ದೇಶಗಳ ಅವಘಡ ವರದಿಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಒಂದು ಬಕಲ್ ಬಿಡಿಸಿದ್ದರೆ ತೇಲಬಹುದಾಗಿದ್ದ ವ್ಯಕ್ತಿ ಅದನ್ನು ಬಿಡಿಸದೆ ಮುಳುಗಿದ ಪ್ರಸಂಗಗಳು ಇವುಗಳಲ್ಲಿ ಸೇರಿವೆ. ಆದುದರಿಂದ ಈ ಪುಟದ ಮಾಹಿತಿಯನ್ನು ನೋಂದಣಿಗೆ ಮುನ್ನ ಓದಿಕೊಳ್ಳುವಂತೆ ಕೋರಲಾಗಿದೆ. ಇದರ ಸಾರಾಂಶ ಹೀಗಿದೆ:

(ಅ) ಅಗತ್ಯವಿರುವಷ್ಟು ತೂಕವನ್ನು ಮಾತ್ರ ಧರಿಸಬೇಕು. ಅದಕ್ಕಿಂತ ಹೆಚ್ಚು ಬೇಡ.
(ಆ) ಆ ತೂಕವನ್ನು ದೇಹದ ಎರಡೂ ಬದಿಗೆ ಸಮನಾಗಿ ಹಂಚಬೇಕು.
(ಇ) ತುರ್ತು ಸಂದರ್ಭದಲ್ಲಿ ಒಂದೇ ಕೈಯಿಂದ, ಒಂದೇ ಎಳೆತದಲ್ಲಿ ತೂಕ ಕಳಚಿಬೀಳುವಂತಿರಬೇಕು.

2. ತೂಕ ಏಕೆ ಬೇಕು?

ನೀರಿನಲ್ಲಿರುವ ವಸ್ತುವಿನ ಮೇಲೆ, ಅದು ಪಲ್ಲಟಗೊಳಿಸಿದ ನೀರಿನ ತೂಕದಷ್ಟೇ ಬಲ ಮೇಲ್ಮುಖವಾಗಿ ವರ್ತಿಸುತ್ತದೆ ಎಂಬ ಆರ್ಕಿಮಿಡೀಸ್ ತತ್ವವನ್ನು ಶಾಲಾ ಪಠ್ಯಗಳಲ್ಲಿ ಎಲ್ಲರೂ ಓದಿರುತ್ತಾರೆ. ಈ ಬಲವನ್ನು ತೇಲುಬಲ ಎನ್ನಬಹುದು. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಸಮೀಪದಲ್ಲಿದೆ. ಶ್ವಾಸಕೋಶದಲ್ಲಿ ಗಾಳಿ ತುಂಬಿರುವಾಗ ಹೆಚ್ಚಿನವರು ತೇಲುತ್ತಾರೆ. ಉಸಿರು ಬಿಟ್ಟಾಗ ಅನೇಕರು ನಿಧಾನವಾಗಿ ಮುಳುಗುತ್ತಾರೆ.

ಮೈ ಬೆಚ್ಚಗಿಡಲು ಧರಿಸುವ ವೆಟ್‌ಸೂಟ್ ನಿಯೋಪ್ರೀನ್ ಎಂಬ ರಬ್ಬರಿನಿಂದ ತಯಾರಾಗಿದ್ದು, ಅದರೊಳಗೆ ಅಸಂಖ್ಯಾತ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಈ ಕಾರಣದಿಂದ ವೆಟ್‌ಸೂಟ್ ಧರಿಸಿದವರು ತೂಕವಿಲ್ಲದೆ ನೀರಿನೊಳಗೆ ಇಳಿಯುವುದು ಕಷ್ಟ. ಈ ಹೆಚ್ಚುವರಿ ತೇಲುಬಲವನ್ನು ಸರಿದೂಗಿಸಲು ಸೀಸದ ಬಟ್ಟುಗಳನ್ನು ಬಳಸಲಾಗುತ್ತದೆ. ಸೀಸದ ಸಾಂದ್ರತೆ ನೀರಿಗಿಂತ ಹನ್ನೊಂದು ಪಟ್ಟು ಹೆಚ್ಚಿರುವುದರಿಂದ ಚಿಕ್ಕ ಗಾತ್ರದಲ್ಲಿಯೇ ಬೇಕಾದ ತೂಕ ದೊರೆಯುತ್ತದೆ.

ತೂಕದ ಕೆಲಸ ಡೈವರ್‌ನನ್ನು ತಳಕ್ಕೆ ಎಳೆದೊಯ್ಯುವುದಲ್ಲ. ನೀರಿನೊಳಗೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತಲ್ಲಿ ನಿಲ್ಲುವ ಸಮತೋಲನವನ್ನು ಸಾಧ್ಯವಾಗಿಸುವುದು ಅದರ ಕೆಲಸ. ಆಳ ಬದಲಾದಂತೆ ಆಗುವ ಸಣ್ಣ ವ್ಯತ್ಯಾಸಗಳನ್ನು ಬಿ.ಸಿ.ಡಿ. ಎಂದು ಕರೆಯುವ, ಗಾಳಿ ತುಂಬುವ ಹಾಗೂ ಬಿಡುವ ಸೌಲಭ್ಯವಿರುವ ಜಾಕೆಟ್‌ನಿಂದ ಮತ್ತು ಉಸಿರಾಟದಿಂದ ಸರಿಪಡಿಸಿಕೊಳ್ಳಲಾಗುತ್ತದೆ.

3. ಎಷ್ಟು ತೂಕ ಬೇಕಾಗುತ್ತದೆ?

ಇದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಅಂಕಿ ಇಲ್ಲ. ಕೆಳಕಂಡ ಅಂಶಗಳನ್ನು ಪರಿಗಣಿಸಬೇಕಾಗುತ್ತದೆ:

(ಅ) ದೇಹದ ರಚನೆ: ಕೊಬ್ಬು ನೀರಿಗಿಂತ ಹಗುರ, ಸ್ನಾಯು ಮತ್ತು ಮೂಳೆ ನೀರಿಗಿಂತ ಭಾರ. ಆದ್ದರಿಂದ ತಕ್ಕಡಿಯಲ್ಲಿ ಒಂದೇ ತೂಕ ತೂಗುವ ಇಬ್ಬರಿಗೆ ಬೇರೆ ಬೇರೆ ಪ್ರಮಾಣದ ಸೀಸ ಬೇಕಾಗಬಹುದು.

(ಆ) ವೆಟ್‌ಸೂಟ್‌ನ ದಪ್ಪ: ಸಮುದ್ರದಲ್ಲಿ 3 ಮಿ.ಮೀ. ದಪ್ಪದ ಪೂರ್ಣ ವೆಟ್‌ಸೂಟ್‌ಗೆ ದೇಹದ ತೂಕದ ಶೇಕಡ 5 ರಷ್ಟು ಮತ್ತು 5 ಮಿ.ಮೀ. ದಪ್ಪದ್ದಕ್ಕೆ ಶೇಕಡ 10 ರಷ್ಟು ಸೀಸದಿಂದ ಆರಂಭಿಸುವುದು ತರಬೇತಿಯಲ್ಲಿ ರೂಢಿಯಲ್ಲಿರುವ ಅಂದಾಜು. ಇದು ಆರಂಭದ ಅಂದಾಜು ಮಾತ್ರ. ನೀರಿನಲ್ಲಿ ಪರೀಕ್ಷಿಸಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ಹೊಸ ವೆಟ್‌ಸೂಟ್ ಹಳೆಯದಕ್ಕಿಂತ ಹೆಚ್ಚು ತೇಲುತ್ತದೆ.

(ಇ) ಸಿಲಿಂಡರ್‌ನ ಬಗೆ: ವ್ಯಾಪಕವಾಗಿ ಬಳಕೆಯಲ್ಲಿರುವ ಸುಮಾರು 11 ಲೀಟರ್ ಗಾತ್ರದ ಅಲ್ಯೂಮಿನಿಯಂ ಸಿಲಿಂಡರ್ ತುಂಬಿರುವಾಗ ಸಮುದ್ರದ ನೀರಿನಲ್ಲಿ ಸ್ವಲ್ಪ ಮುಳುಗುತ್ತದೆ, ಬರಿದಾದಾಗ ಸುಮಾರು 2 ಕೆ.ಜಿ.ಯಷ್ಟು ಮೇಲಕ್ಕೆ ಎಳೆಯುತ್ತದೆ. ಉಕ್ಕಿನ ಸಿಲಿಂಡರ್‌ಗಳು ಹೆಚ್ಚು ಭಾರವಾಗಿರುವುದರಿಂದ ಅವುಗಳೊಂದಿಗೆ ಕಡಿಮೆ ಸೀಸ ಸಾಕು.

(ಈ) ನೀರಿನ ಬಗೆ: ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಹೆಚ್ಚು ತೂಕ ಬೇಕು. ವಿವರಕ್ಕೆ ಕ್ರಮಾಂಕ 5 ನ್ನು ನೋಡಿ.

(ಉ) ಅನುಭವ: ಮೊದಲ ಬಾರಿ ಇಳಿಯುವವರು ಆತಂಕದಿಂದ ಶ್ವಾಸಕೋಶದಲ್ಲಿ ಹೆಚ್ಚು ಗಾಳಿ ಹಿಡಿದುಕೊಂಡಿರುತ್ತಾರೆ ಮತ್ತು ತಮಗೆ ಅರಿವಿಲ್ಲದೆ ಕಾಲು ಬಡಿಯುತ್ತಿರುತ್ತಾರೆ. ಇದರಿಂದ ಹೆಚ್ಚು ತೂಕ ಬೇಕೆಂದು ತೋರುತ್ತದೆ. ಉಸಿರಾಟ ಸಹಜಗೊಂಡ ಮೇಲೆ ಅದೇ ವ್ಯಕ್ತಿಗೆ ಒಂದೆರಡು ಕೆ.ಜಿ. ಕಡಿಮೆ ಸಾಕಾಗಬಹುದು.

3.1 ಮೇಲ್ಮೈ ಪರೀಕ್ಷೆ

ಡೈವಿಂಗ್ ಆರಂಭಿಸುವ ಮುನ್ನ ಈ ಪರೀಕ್ಷೆಯನ್ನು ತರಬೇತುದಾರರ ಸಮ್ಮುಖದಲ್ಲಿ ಮಾಡಬೇಕು:

1. ಎಲ್ಲ ಸಲಕರಣೆ ಧರಿಸಿ, ಕಾಲು ನೆಲಕ್ಕೆ ತಾಗದಷ್ಟು ಆಳದ ನೀರಿನಲ್ಲಿ, ರೆಗ್ಯುಲೇಟರ್ ಬಾಯಲ್ಲಿ ಇಟ್ಟುಕೊಂಡು ನೇರವಾಗಿ ಇರುವುದು.
2. ಕೈಕಾಲು ಆಡಿಸದೆ ಜಾಕೆಟ್‌ನ ಗಾಳಿಯನ್ನು ಪೂರ್ತಿಯಾಗಿ ಬಿಡುವುದು.
3. ಸಾಧಾರಣ ಪ್ರಮಾಣದ ಉಸಿರನ್ನು ಎಳೆದು ಕ್ಷಣಕಾಲ ಹಿಡಿಯುವುದು. ಆಗ ನೀರಿನ ಮಟ್ಟ ಕಣ್ಣಿನ ನೇರಕ್ಕೆ ಇರಬೇಕು.
4. ಉಸಿರು ಬಿಡುವುದು. ಆಗ ನಿಧಾನವಾಗಿ ಮುಳುಗಲು ಆರಂಭಿಸಬೇಕು.

ಉಸಿರು ಹಿಡಿದಿರುವಾಗಲೇ ಮುಳುಗಿದರೆ ತೂಕ ಹೆಚ್ಚಾಗಿದೆ ಎಂದು ಅರ್ಥ. ಉಸಿರು ಬಿಟ್ಟ ನಂತರವೂ ಮುಳುಗದಿದ್ದರೆ ತೂಕ ಸಾಲದು. ಪ್ರತಿ ಬಾರಿ ಅರ್ಧ ಅಥವಾ ಒಂದು ಕೆ.ಜಿ.ಯಂತೆ ಮಾತ್ರ ಬದಲಿಸಿ ಮತ್ತೆ ಪರೀಕ್ಷಿಸಬೇಕು. ಉಸಿರು ಹಿಡಿಯುವುದು ಮೇಲ್ಮೈಯಲ್ಲಿನ ಈ ಪರೀಕ್ಷೆಗೆ ಮಾತ್ರ ಸೀಮಿತ; ನೀರಿನೊಳಗೆ ಯಾವ ಕಾರಣಕ್ಕೂ ಉಸಿರು ಹಿಡಿಯಬಾರದು.

3.2 ಸಿಲಿಂಡರ್‌ನ ಗಾಳಿಗೂ ತೂಕವಿದೆ

ಮೇಲಿನ ಪರೀಕ್ಷೆಯನ್ನು ತುಂಬಿದ ಸಿಲಿಂಡರ್‌ನೊಂದಿಗೆ ಮಾಡಿದಲ್ಲಿ ಒಂದು ಹೊಂದಾಣಿಕೆ ಅಗತ್ಯ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. 11 ಲೀಟರ್ ಸಿಲಿಂಡರ್‌ನ ಒತ್ತಡ 200 ಬಾರ್‌ನಿಂದ 50 ಬಾರ್‌ಗೆ ಇಳಿದಾಗ ಸುಮಾರು 1,650 ಲೀಟರ್ ಗಾಳಿ ಖರ್ಚಾಗಿರುತ್ತದೆ. ಅಂದರೆ ಡೈವಿಂಗ್ ಮುಗಿಯುವ ಹೊತ್ತಿಗೆ ಡೈವರ್ ಸುಮಾರು 2 ಕೆ.ಜಿ. ಹಗುರವಾಗಿರುತ್ತಾನೆ. ಆದುದರಿಂದ ತುಂಬಿದ ಸಿಲಿಂಡರ್‌ನೊಂದಿಗೆ ಪರೀಕ್ಷೆ ಮಾಡಿದವರು ಫಲಿತಾಂಶಕ್ಕೆ ಸುಮಾರು 2 ಕೆ.ಜಿ. ಸೇರಿಸಿಕೊಳ್ಳಬೇಕು.

3.3 ಅಂತಿಮ ಪರೀಕ್ಷೆ

ಮೇಲೇರುವ ಮುನ್ನ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ರೂಢಿಯಲ್ಲಿದ್ದು, ಇದನ್ನು ಸುರಕ್ಷತಾ ನಿಲುಗಡೆ ಎನ್ನಲಾಗುತ್ತದೆ. ಸಿಲಿಂಡರ್‌ನಲ್ಲಿ ಸುಮಾರು 50 ಬಾರ್ ಉಳಿದಿರುವಾಗ, ಜಾಕೆಟ್ ಬಹುತೇಕ ಖಾಲಿಯಿದ್ದು, ಸಹಜವಾಗಿ ಉಸಿರಾಡುತ್ತಾ ಈ ಆಳದಲ್ಲಿ ನಿಲ್ಲಲು ಸಾಧ್ಯವಾದರೆ ನಿಮ್ಮ ತೂಕ ಸರಿಯಾಗಿದೆ. ಇದೇ ಅತ್ಯಂತ ವಿಶ್ವಾಸಾರ್ಹ ಅಳತೆ. ನಿಲ್ಲಲು ಜಾಕೆಟ್‌ಗೆ ಗಾಳಿ ತುಂಬಬೇಕಾದರೆ ಮುಂದಿನ ಬಾರಿ ತೂಕ ಇಳಿಸಬೇಕು; ಮೇಲಕ್ಕೆ ಸೆಳೆಯುತ್ತಿದ್ದರೆ ಏರಿಸಬೇಕು.

4. ತೂಕ ಹೆಚ್ಚಾದರೆ ಅಥವಾ ಕಡಿಮೆಯಾದರೆ ಆಗುವ ಅಪಾಯ

4.1 ಹೆಚ್ಚು ತೂಕ

"ಸ್ವಲ್ಪ ಹೆಚ್ಚೇ ಇರಲಿ, ಬೇಗ ಮುಳುಗಬಹುದು" ಎಂಬ ಭಾವನೆ ಸಾಮಾನ್ಯವಾಗಿದೆ. ಇದು ತಪ್ಪು ತಿಳುವಳಿಕೆ. ಹೆಚ್ಚಾದ ಪ್ರತಿ ಕೆ.ಜಿ. ಸೀಸಕ್ಕೆ ಪ್ರತಿಯಾಗಿ ಜಾಕೆಟ್‌ನಲ್ಲಿ ಸುಮಾರು ಒಂದು ಲೀಟರ್ ಗಾಳಿ ತುಂಬಬೇಕಾಗುತ್ತದೆ. ಆ ಗಾಳಿ ಆಳಕ್ಕೆ ತಕ್ಕಂತೆ ಕುಗ್ಗುತ್ತದೆ ಮತ್ತು ಹಿಗ್ಗುತ್ತದೆ.

ಉದಾಹರಣೆ: ಒಬ್ಬ ಡೈವರ್ 4 ಕೆ.ಜಿ. ಹೆಚ್ಚುವರಿ ತೂಕ ಧರಿಸಿ, 10 ಮೀಟರ್ ಆಳದಲ್ಲಿ ಅದನ್ನು ಸರಿದೂಗಿಸಲು ಜಾಕೆಟ್‌ನಲ್ಲಿ 4 ಲೀಟರ್ ಗಾಳಿ ತುಂಬಿಕೊಂಡಿದ್ದಾನೆ ಎಂದು ಭಾವಿಸೋಣ. ಅಲ್ಲಿ ಒತ್ತಡ 2 ಬಾರ್. 5 ಮೀಟರ್‌ಗೆ ಏರಿದಾಗ ಒತ್ತಡ 1.5 ಬಾರ್‌ಗೆ ಇಳಿದು ಅದೇ ಗಾಳಿ 5.3 ಲೀಟರ್‌ಗೂ, ಮೇಲ್ಮೈ ತಲುಪುವಾಗ 8 ಲೀಟರ್‌ಗೂ ಹಿಗ್ಗುತ್ತದೆ. ಗಾಳಿ ಬಿಡಲು ತಡಮಾಡಿದಷ್ಟೂ ಮೇಲಕ್ಕೆ ಸೆಳೆಯುವ ಬಲ ಹೆಚ್ಚುತ್ತಾ ಹೋಗುತ್ತದೆ. ಹೆಚ್ಚುವರಿ ತೂಕ 1 ಕೆ.ಜಿ. ಮಾತ್ರ ಇದ್ದಿದ್ದರೆ ಈ ವ್ಯತ್ಯಾಸ ನಾಲ್ಕನೇ ಒಂದು ಭಾಗದಷ್ಟು ಇರುತ್ತಿತ್ತು. ಹೀಗೆ ಮುಳುಗಲೆಂದು ಧರಿಸಿದ ಹೆಚ್ಚುವರಿ ತೂಕವೇ ಅನಿಯಂತ್ರಿತವಾಗಿ ಮೇಲೇರಲು ಕಾರಣವಾಗಬಹುದು.

ಹೆಚ್ಚು ತೂಕದ ಇತರ ಪರಿಣಾಮಗಳು:

- ಇಳಿಯುವ ವೇಗ ಹೆಚ್ಚಿ ಕಿವಿಯ ಒತ್ತಡ ಸರಿದೂಗಿಸಲು ಸಮಯ ಸಿಗುವುದಿಲ್ಲ, ಕಿವಿಗೆ ಗಾಯವಾಗಬಹುದು.
- ಉಬ್ಬಿದ ಜಾಕೆಟ್ ಹಾಗೂ ಕೆಳಕ್ಕೆ ಜೋತ ಕಾಲುಗಳಿಂದ ನೀರಿನ ತಡೆ ಹೆಚ್ಚಿ, ಆಯಾಸವಾಗಿ, ಗಾಳಿ ಬೇಗ ಮುಗಿಯುತ್ತದೆ.
- ಮೇಲ್ಮೈಯಲ್ಲಿ ಜಾಕೆಟ್ ಕೈಕೊಟ್ಟರೆ ತೇಲುತ್ತಾ ಉಳಿಯುವುದು ಕಷ್ಟವಾಗುತ್ತದೆ.
- ತಳದ ಹವಳದ ಮೇಲೆ ಬೀಳುವ, ಅದನ್ನು ತುಳಿಯುವ ಸಂಭವ ಹೆಚ್ಚು.

ಹವಳವು ಜೀವಿ. ಅದರ ಅನೇಕ ಬಗೆಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಅಥವಾ ಸೆಂಟಿಮೀಟರ್ ಬೆಳೆಯುತ್ತವೆ. ದಂಡೆ ಕಟ್ಟುವ ಹವಳಗಳನ್ನು 2001 ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ರ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹವಳ ಮುರಿಯುವುದು ಮತ್ತು ಅದರ ತುಂಡುಗಳನ್ನು ಕೊಂಡೊಯ್ಯುವುದು ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

4.2 ಕಡಿಮೆ ತೂಕ

ತೂಕ ಸಾಲದಿದ್ದವರು ಆರಂಭದಲ್ಲಿ ಕಷ್ಟಪಟ್ಟು ಇಳಿಯಬಹುದು. ಆದರೆ ಸಿಲಿಂಡರ್ ಬರಿದಾಗುತ್ತಾ ಬಂದಂತೆ, ಮೇಲಿನ ನೀರಿನಲ್ಲಿ ವೆಟ್‌ಸೂಟ್ ಮತ್ತೆ ಹಿಗ್ಗಿದಂತೆ, ಸುರಕ್ಷತಾ ನಿಲುಗಡೆಯಲ್ಲಿ ನಿಲ್ಲಲಾಗದೆ ಮೇಲಕ್ಕೆ ಚಿಮ್ಮುವ ಸಂಭವವಿರುತ್ತದೆ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರುವುದು ಒಳಿತು. ಅತಿವೇಗವಾಗಿ ಏರಿದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿರುವ ಸಾರಜನಕ ಗುಳ್ಳೆಗಳಾಗಿ ಹೊರಬಂದು ಡಿಕಂಪ್ರೆಷನ್ ಕಾಯಿಲೆ ಉಂಟಾಗಬಹುದು. ಏರುವಾಗ ಉಸಿರು ಹಿಡಿದಿದ್ದರೆ ಶ್ವಾಸಕೋಶ ಹರಿಯುವ ಅಪಾಯವೂ ಇದೆ.

5. ಈಜುಕೊಳದಿಂದ ಸಮುದ್ರಕ್ಕೆ: ವಿಶೇಷ ಸೂಚನೆ

ಬೆಂಗಳೂರಿನಂತಹ ಒಳನಾಡಿನ ನಗರಗಳಲ್ಲಿ ಪ್ರಾಥಮಿಕ ಅಭ್ಯಾಸವನ್ನು ಈಜುಕೊಳದಲ್ಲಿ ಮುಗಿಸಿ, ನಂತರ ನೇತ್ರಾಣಿ ಅಥವಾ ಇತರೆಡೆ ಸಮುದ್ರಕ್ಕೆ ಇಳಿಯುವ ಕ್ರಮವಿದೆ. ಈಜುಕೊಳದಲ್ಲಿ ಸರಿಹೊಂದಿದ ತೂಕ ಸಮುದ್ರದಲ್ಲಿ ಸಾಲುವುದಿಲ್ಲ. ಒಂದು ಲೀಟರ್ ಸಿಹಿನೀರು ಸುಮಾರು 1 ಕೆ.ಜಿ. ತೂಗಿದರೆ ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕೆ.ಜಿ. ತೂಗುತ್ತದೆ. ಅಂದರೆ ತೇಲುಬಲ ಶೇಕಡ 2.5 ರಷ್ಟು ಹೆಚ್ಚು.

ಈ ಶೇಕಡ 2.5 ನ್ನು ಕೇವಲ ಸೀಸದ ಮೇಲೆ ಲೆಕ್ಕ ಹಾಕದೆ, ಡೈವರ್, ಸಿಲಿಂಡರ್, ಜಾಕೆಟ್ ಹಾಗೂ ಸೀಸ ಎಲ್ಲವನ್ನೂ ಸೇರಿಸಿದ ಒಟ್ಟು ತೂಕದ ಮೇಲೆ ಲೆಕ್ಕ ಹಾಕಬೇಕು. ಸಲಕರಣೆ ಸಹಿತ ಒಟ್ಟು 96 ಕೆ.ಜಿ. ತೂಗುವ ವ್ಯಕ್ತಿ ಈಜುಕೊಳದಲ್ಲಿ ಸಮತೋಲನದಲ್ಲಿದ್ದರೆ, ಅದೇ ಸಲಕರಣೆಯೊಂದಿಗೆ ಸಮುದ್ರದಲ್ಲಿ ಅವರಿಗೆ ಸುಮಾರು 2.4 ಕೆ.ಜಿ. ಹೆಚ್ಚು ಬೇಕಾಗುತ್ತದೆ. ಇದೇ ರೀತಿ ಸಮುದ್ರದಿಂದ ಕೆರೆ ಅಥವಾ ಈಜುಕೊಳಕ್ಕೆ ಬಂದವರು ಅಷ್ಟೇ ತೂಕವನ್ನು ಇಳಿಸಬೇಕು. ತಪ್ಪಿದಲ್ಲಿ ತೂಕ ಅಪಾಯಕಾರಿಯಾಗಿ ಹೆಚ್ಚಾಗುತ್ತದೆ. ಈಜುಕೊಳದಲ್ಲಿ ವೆಟ್‌ಸೂಟ್ ಇಲ್ಲದೆ ಅಭ್ಯಾಸ ಮಾಡಿದ್ದರೆ ಅದರ ಲೆಕ್ಕ ಬೇರೆಯೇ ಆಗುತ್ತದೆ.

6. ತೂಕ ಧರಿಸುವ ಸಾಧನಗಳು

(ಅ) ತೂಕದ ಬೆಲ್ಟ್: ಸುಮಾರು 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿಗೆ ಸೀಸದ ಬಟ್ಟುಗಳನ್ನು ಪೋಣಿಸಿ, ತಕ್ಷಣ ಬಿಡಿಸಬಹುದಾದ ಬಕಲ್ ಅಳವಡಿಸಲಾಗಿರುತ್ತದೆ. ಬಕಲ್ ಬಲಗೈಯಿಂದ ಬಿಚ್ಚುವಂತೆ ಧರಿಸುವುದು ಸಾಮಾನ್ಯ ಪದ್ಧತಿ. ಎಲ್ಲರೂ ಒಂದೇ ಪದ್ಧತಿ ಪಾಲಿಸಿದರೆ ಜೊತೆಗಾರನ ಬೆಲ್ಟ್ ಬಿಡಿಸುವಾಗ ಗೊಂದಲವಾಗುವುದಿಲ್ಲ. ಬಟ್ಟುಗಳು ಜಾರದಂತೆ ತಡೆಯುವ ಕ್ಲಿಪ್‌ಗಳನ್ನು ಹಾಕಿರಬೇಕು. ಬೆಲ್ಟ್‌ನ ತುದಿ ಬಕಲ್‌ನಿಂದ ಒಂದು ಗೇಣಿನಷ್ಟು ಹೊರಗಿದ್ದರೆ ಸಾಕು. ಉದ್ದನೆಯ ತುದಿಯನ್ನು ಮಡಚಿ ಸಿಕ್ಕಿಸಬಾರದು. ಜಾಕೆಟ್‌ನ ಯಾವುದೇ ಪಟ್ಟಿ ಬೆಲ್ಟ್‌ನ ಮೇಲೆ ಹಾದುಹೋಗಿ ಅದು ಕಳಚಿಬೀಳುವುದನ್ನು ತಡೆಯುವಂತಿರಬಾರದು.

(ಆ) ಜಾಕೆಟ್‌ನ ತೂಕದ ಜೇಬುಗಳು: ಕೆಲವು ಜಾಕೆಟ್‌ಗಳಲ್ಲಿ ಹಿಡಿಕೆ ಎಳೆದರೆ ಹೊರಬರುವ ಜೇಬುಗಳಿರುತ್ತವೆ. ಸೊಂಟ ನೋವಿರುವವರಿಗೆ ಮತ್ತು ಬೆಲ್ಟ್ ಜಾರುವವರಿಗೆ ಇವು ಅನುಕೂಲ. ಜೇಬು ಸರಿಯಾಗಿ ಕೂತು ಬೀಗ ಹಾಕಿಕೊಂಡಿರುವುದನ್ನು ಎಳೆದು ನೋಡಿ ಖಚಿತಪಡಿಸಿಕೊಳ್ಳಬೇಕು. ಹಿಡಿಕೆಯ ವಿನ್ಯಾಸ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಬಾಡಿಗೆ ಜಾಕೆಟ್ ಪಡೆದವರು ನೀರಿಗಿಳಿಯುವ ಮುನ್ನವೇ ಒಮ್ಮೆ ಬಿಡಿಸಿ ನೋಡತಕ್ಕದ್ದು.

(ಇ) ಸಮತೋಲನದ ಜೇಬುಗಳು: ಬೆನ್ನಿನ ಮೇಲ್ಭಾಗ ಅಥವಾ ಸಿಲಿಂಡರ್ ಪಟ್ಟಿಯ ಮೇಲಿರುವ ಚಿಕ್ಕ ಜೇಬುಗಳು. ಇವುಗಳಲ್ಲಿನ ತೂಕವನ್ನು ತುರ್ತಾಗಿ ಕಳಚಲಾಗುವುದಿಲ್ಲ. ಆದುದರಿಂದ ಎಲ್ಲ ತೂಕವನ್ನೂ ಇಲ್ಲಿಯೇ ಇಡಬಾರದು.

ಕಲ್ಲು, ಮರಳಿನ ಚೀಲ, ಕಬ್ಬಿಣದ ತುಂಡುಗಳನ್ನು ಹಗ್ಗದಿಂದ ಮೈಗೆ ಕಟ್ಟಿಕೊಳ್ಳುವುದು ಅಥವಾ ಬೆಲ್ಟ್‌ಗೆ ಗಂಟು ಹಾಕುವುದು ಪ್ರಾಣಾಪಾಯಕರ. ಗಂಟನ್ನು ಒಂದು ಕೈಯಿಂದ, ಗಾಬರಿಯಲ್ಲಿ, ಬಿಚ್ಚಲು ಸಾಧ್ಯವಾಗುವುದಿಲ್ಲ.

7. ತೂಕದ ಹಂಚಿಕೆ

ಒಟ್ಟು ತೂಕ ಸರಿಯಿದ್ದರೂ ಅದರ ಹಂಚಿಕೆ ತಪ್ಪಿದರೆ ದೇಹ ಓರೆಯಾಗುತ್ತದೆ. ನೀರಿನೊಳಗೆ ಡೈವರ್ ನೆಲಕ್ಕೆ ಸಮಾನಾಂತರವಾಗಿ ಮಲಗಿದಂತೆ ಚಲಿಸಬೇಕು. ಶ್ವಾಸಕೋಶ ಮತ್ತು ಜಾಕೆಟ್‌ನ ಗಾಳಿ ಎದೆಯ ಭಾಗವನ್ನು ಮೇಲಕ್ಕೆತ್ತುತ್ತದೆ. ಬೆಲ್ಟ್‌ನ ಸೀಸ ಸೊಂಟವನ್ನು ಕೆಳಕ್ಕೆಳೆಯುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಾದಷ್ಟೂ ಕಾಲು ಕೆಳಗಾಗಿ ನಿಂತ ಭಂಗಿ ಬರುತ್ತದೆ. ಅಂತಹ ಭಂಗಿಯಲ್ಲಿ ಕಾಲು ಬಡಿದರೆ ಮುಂದಕ್ಕೆ ಸಾಗುವ ಬದಲು ಮೇಲಕ್ಕೆ ಹೋಗುತ್ತಾರೆ, ತಳದ ಕೆಸರು ಎದ್ದು ನೋಟ ಮಸುಕಾಗುತ್ತದೆ.

ಹಂಚಿಕೆಯ ನಿಯಮಗಳು:

1. ಎಡ ಬಲ ಸಮವಿರಬೇಕು. 4 ಕೆ.ಜಿ. ಇದ್ದಲ್ಲಿ ಪ್ರತಿ ಬದಿಗೆ 2 ಕೆ.ಜಿ.
2. ಬೆಲ್ಟ್‌ನ ಬಟ್ಟುಗಳು ಸೊಂಟದ ಎರಡು ಪಕ್ಕಗಳಲ್ಲಿ, ಸ್ವಲ್ಪ ಮುಂದಕ್ಕೆ ಇರಲಿ. ಬೆನ್ನ ನಡುವೆ ಇದ್ದರೆ ಸಿಲಿಂಡರ್ ಒತ್ತುತ್ತದೆ ಮತ್ತು ಮುಖ ಮೇಲಾಗಿ ಮಗುಚುವಂತಾಗುತ್ತದೆ. ಬಕಲ್‌ಗೆ ತೀರ ಹತ್ತಿರವಿದ್ದರೆ ಕೈಗೆ ಅಡ್ಡಿಯಾಗುತ್ತದೆ.
3. ಕಾಲು ಕೆಳಗಾಗುತ್ತಿದ್ದರೆ ಬೆಲ್ಟ್‌ನಿಂದ ಒಂದು ಭಾಗವನ್ನು ಸಿಲಿಂಡರ್‌ನ ಮೇಲ್ಭಾಗದ ಸಮತೋಲನದ ಜೇಬಿಗೆ ವರ್ಗಾಯಿಸಬೇಕು. ತಲೆ ಕೆಳಗಾಗುತ್ತಿದ್ದರೆ ಇದಕ್ಕೆ ವಿರುದ್ಧವಾಗಿ ಮಾಡಬೇಕು. ಸಿಲಿಂಡರ್ ಅನ್ನು ಪಟ್ಟಿಯಲ್ಲಿ ಒಂದೆರಡು ಅಂಗುಲ ಮೇಲೆ ಕೆಳಗೆ ಸರಿಸುವುದರಿಂದಲೂ ಬಹಳಷ್ಟು ಸರಿಹೋಗುತ್ತದೆ.
4. ಬಹುಪಾಲು ತೂಕ ಕಳಚಬಹುದಾದ ಜಾಗದಲ್ಲಿಯೇ ಇರಬೇಕು. ಅದನ್ನು ಕಳಚಿದಾಗ ಮೇಲ್ಮೈಯಲ್ಲಿ ಖಚಿತವಾಗಿ ತೇಲುವಂತಾಗಬೇಕು.

8. ದಡದಲ್ಲಿ ಮತ್ತು ದೋಣಿಯಲ್ಲಿ

- ಬೆಲ್ಟ್ ಎತ್ತುವಾಗ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿಯಬೇಕು. ಒಂದೇ ತುದಿ ಹಿಡಿದರೆ ಬಟ್ಟುಗಳು ಜಾರಿ ಪಾದದ ಮೇಲೆ ಬೀಳಬಹುದು.
- ಬೆಲ್ಟ್‌ಗಳನ್ನು ಆಸನದ ಮೇಲೆ ಇಡದೆ ದೋಣಿಯ ತಳದಲ್ಲಿ, ಎರಡೂ ಬದಿಗೆ ಭಾರ ಸಮವಾಗುವಂತೆ ಇಡಬೇಕು.
- ಬೆಲ್ಟ್ ಧರಿಸಿ, ಜಾಕೆಟ್ ಧರಿಸದೆ ದೋಣಿಯಲ್ಲಿ ಓಡಾಡಬಾರದು. ಅಲೆಯ ಹೊಡೆತಕ್ಕೆ ಆಯತಪ್ಪಿ ಬಿದ್ದಲ್ಲಿ ನೇರವಾಗಿ ಮುಳುಗುವ ಅಪಾಯವಿದೆ.
- ನೀರಿಗೆ ಇಳಿಯುವ ಮುನ್ನ ಸಿಲಿಂಡರ್‌ನ ಕವಾಟ ತೆರೆದಿದೆ ಮತ್ತು ಜಾಕೆಟ್‌ನಲ್ಲಿ ಗಾಳಿ ಇದೆ ಎಂಬುದನ್ನು ಜೊತೆಗಾರರು ಪರಸ್ಪರ ಪರಿಶೀಲಿಸಬೇಕು. ಇದೇ ವೇಳೆ ಜೊತೆಗಾರನ ತೂಕ ಎಲ್ಲಿದೆ, ಹೇಗೆ ಬಿಡಿಸುವುದು ಎಂಬುದನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಬೇಕು.
- ದೋಣಿಗೆ ಮರಳುವಾಗ ಜಾಕೆಟ್‌ನಲ್ಲಿ ಗಾಳಿ ತುಂಬಿಕೊಂಡು, ಮೊದಲು ತೂಕದ ಬೆಲ್ಟ್ ಬಿಡಿಸಿ ಸಿಬ್ಬಂದಿಗೆ ಕೊಡಬೇಕು. ಆನಂತರ ಜಾಕೆಟ್ ಕಳಚಬೇಕು. ಕ್ರಮ ತಪ್ಪಿಸಿ ಮೊದಲು ಜಾಕೆಟ್ ಕಳಚಿದವರು ಸೀಸದೊಂದಿಗೆ ನೀರಿನಲ್ಲಿ ಉಳಿಯುತ್ತಾರೆ.
- ಏಣಿ ಹತ್ತುತ್ತಿರುವವರ ಕೆಳಗೆ ನೀರಿನಲ್ಲಿ ನಿಲ್ಲಬಾರದು.

9. ತುರ್ತು ಸಂದರ್ಭದಲ್ಲಿ

9.1 ಮೇಲ್ಮೈಯಲ್ಲಿ ತೊಂದರೆಯಾದರೆ

ಜಾಕೆಟ್‌ಗೆ ಗಾಳಿ ತುಂಬಬೇಕು. ಗಾಳಿ ತುಂಬದಿದ್ದರೆ, ಆಯಾಸವಾಗಿದ್ದರೆ ಅಥವಾ ಗಾಬರಿಯಾಗಿದ್ದರೆ ಅನುಮಾನಿಸದೆ ತೂಕ ಕಳಚಬೇಕು. ಬಲಗೈಯಿಂದ ಬಕಲ್ ತೆರೆದು, ಬೆಲ್ಟ್ ಅನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿದು, ಬೇರಾವ ಪಟ್ಟಿಗೂ ಸಿಕ್ಕಿಕೊಂಡಿಲ್ಲ ಎಂದು ಖಚಿತವಾದ ಮೇಲೆ ಬಿಡಬೇಕು. ಸಾಧ್ಯವಾದಲ್ಲಿ ಕೆಳಗೆ ಇತರರು ಇಲ್ಲದಿರುವುದನ್ನು ನೋಡಿಕೊಳ್ಳಬೇಕು. ಗಾಬರಿಗೊಂಡ ವ್ಯಕ್ತಿ ತಾನಾಗಿ ಇದನ್ನು ಮಾಡುವುದು ಅಪರೂಪ, ಜೊತೆಗಾರನೇ ಮುಂದಾಗಬೇಕು.

9.2 ನೀರಿನೊಳಗೆ ತೊಂದರೆಯಾದರೆ

ಆಳದಲ್ಲಿ ಎಲ್ಲ ತೂಕವನ್ನೂ ಒಮ್ಮೆಲೇ ಕಳಚಿದರೆ ಮೇಲೇರುವ ವೇಗ ಹತೋಟಿ ಮೀರುತ್ತದೆ. ಜೊತೆಗಾರನ ನೆರವು, ಪರ್ಯಾಯ ರೆಗ್ಯುಲೇಟರ್ ಮತ್ತು ನಿಯಂತ್ರಿತ ಆರೋಹಣವೇ ಮೊದಲ ಮಾರ್ಗ. ಬೇರೆ ಯಾವ ಉಪಾಯದಿಂದಲೂ ಮೇಲೇರಲು ಸಾಧ್ಯವಿಲ್ಲದಾಗ ಮಾತ್ರ ತೂಕ ಕಳಚಬೇಕು ಹಾಗೂ ಏರುವ ಉದ್ದಕ್ಕೂ ಉಸಿರು ಬಿಡುತ್ತಿರಬೇಕು.

9.3 ಬೆಲ್ಟ್ ಆಕಸ್ಮಿಕವಾಗಿ ಸಡಿಲಗೊಂಡರೆ

ಆಳಕ್ಕೆ ಇಳಿದಂತೆ ವೆಟ್‌ಸೂಟ್ ತೆಳುವಾಗಿ ಬೆಲ್ಟ್ ಸಡಿಲವಾಗುವುದು ಸಹಜ. ಮುಖ ಕೆಳಗಾಗಿ ಮಲಗಿದ ಭಂಗಿಯಲ್ಲಿ ಬಟ್ಟುಗಳ ಭಾರ ಬೆನ್ನಿನ ಮೇಲೆ ನಿಲ್ಲುವುದರಿಂದ ಆ ಭಂಗಿಯಲ್ಲಿಯೇ ಬಿಗಿಗೊಳಿಸಬೇಕು. ಬೆಲ್ಟ್ ಕಳಚಿಹೋದರೆ ತಕ್ಷಣ ಜಾಕೆಟ್‌ನ ಗಾಳಿ ಬಿಡಬೇಕು, ಕೈಕಾಲು ಅಗಲಿಸಿ ವೇಗ ತಗ್ಗಿಸಬೇಕು, ಉಸಿರು ಬಿಡುತ್ತಿರಬೇಕು.

ಡೈವಿಂಗ್ ನಂತರ ಕೀಲುನೋವು, ಮರಗಟ್ಟುವಿಕೆ, ಎದೆನೋವು, ಉಸಿರಾಟದ ತೊಂದರೆ ಅಥವಾ ಅತಿಯಾದ ಬಳಲಿಕೆ ಕಂಡುಬಂದಲ್ಲಿ ಆಮ್ಲಜನಕ ನೀಡಿ ಕೂಡಲೇ ವೈದ್ಯಕೀಯ ನೆರವು ಪಡೆಯಬೇಕು. ತುರ್ತು ಸಹಾಯವಾಣಿ: 112. ಆಂಬ್ಯುಲೆನ್ಸ್: 108. ಸಮುದ್ರದಲ್ಲಿ ಶೋಧ ಮತ್ತು ರಕ್ಷಣೆಗೆ ಭಾರತೀಯ ತಟರಕ್ಷಣಾ ಪಡೆ: 1554.

10. ಸೀಸದ ಬಳಕೆಯಲ್ಲಿ ಎಚ್ಚರಿಕೆ

ಸೀಸ ವಿಷಕಾರಿ ಲೋಹ. ಬಟ್ಟುಗಳನ್ನು ಮುಟ್ಟಿದ ನಂತರ ಕೈ ತೊಳೆಯದೆ ಆಹಾರ ಸೇವಿಸಬಾರದು. ಮಕ್ಕಳ ಕೈಗೆ ಕೊಡಬಾರದು. ಪ್ಲಾಸ್ಟಿಕ್ ಲೇಪನವಿರುವ ಬಟ್ಟುಗಳು ಉತ್ತಮ. ಮನೆಯಲ್ಲಿ ಹಳೆಯ ಬ್ಯಾಟರಿಯ ಸೀಸ ಕರಗಿಸಿ ಬಟ್ಟು ಎರಕ ಹೊಯ್ಯುವುದರಿಂದ ವಿಷಪೂರಿತ ಹೊಗೆ ಮತ್ತು ಧೂಳು ಉಂಟಾಗುತ್ತದೆ, ಇದನ್ನು ಮಾಡಬಾರದು.

11. ನೋಂದಣಿಯ ಸಮಯದಲ್ಲಿ

ಸೇವೆ ನೀಡುವ ಸಂಸ್ಥೆಗೆ ಈ ವಿವರಗಳನ್ನು ಸರಿಯಾಗಿ ತಿಳಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ:

- ಎತ್ತರ ಮತ್ತು ಪ್ರಸ್ತುತ ದೇಹತೂಕ
- ಈ ಹಿಂದೆ ಡೈವಿಂಗ್ ಮಾಡಿದ್ದಲ್ಲಿ ಧರಿಸಿದ್ದ ಸೀಸ, ವೆಟ್‌ಸೂಟ್, ಸಿಲಿಂಡರ್ ಮತ್ತು ನೀರಿನ ಬಗೆ
- ಬೆನ್ನು, ಸೊಂಟ, ಹೃದಯ, ಶ್ವಾಸಕೋಶ ಅಥವಾ ಕಿವಿಯ ತೊಂದರೆಗಳು

ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳು:

- ನೀರಿಗಿಳಿಯುವ ಮುನ್ನ ತೂಕದ ಪರೀಕ್ಷೆ ಮಾಡಿಸಲಾಗುವುದೇ?
- ನನ್ನ ತೂಕ ಎಷ್ಟು, ಎಲ್ಲಿದೆ, ಹೇಗೆ ಬಿಡಿಸುವುದು?
- ತುರ್ತಿನಲ್ಲಿ ಕಳಚಿದ ತೂಕಕ್ಕೆ ಶುಲ್ಕ ವಿಧಿಸಲಾಗುವುದೇ?
- ದೋಣಿಯಲ್ಲಿ ಆಮ್ಲಜನಕದ ವ್ಯವಸ್ಥೆ ಇದೆಯೇ?

ಪ್ರತಿ ಡೈವಿಂಗ್‌ನ ನಂತರ ಧರಿಸಿದ್ದ ತೂಕ ಮತ್ತು ಅದು ಹೆಚ್ಚೋ ಕಡಿಮೆಯೋ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಬಾರಿ ಊಹೆಯ ಅಗತ್ಯ ಬೀಳುವುದಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಮೊದಲ ಬಾರಿಗೆ, ತರಬೇತುದಾರರ ಕೈಹಿಡಿದು ಮಾತ್ರ ಇಳಿಯುತ್ತೇನೆ. ಇವೆಲ್ಲ ನನಗೆ ಅಗತ್ಯವೇ?
ಉತ್ತರ: ತೂಕವನ್ನು ನಿಗದಿಪಡಿಸುವುದು ಮತ್ತು ನಿಯಂತ್ರಿಸುವುದು ತರಬೇತುದಾರರ ಹೊಣೆ. ಆದರೂ ತೂಕ ಎಲ್ಲಿದೆ ಮತ್ತು ಹೇಗೆ ಬಿಡಿಸುವುದು ಎಂಬ ಎರಡು ವಿಷಯಗಳು ನೀರಿಗಿಳಿಯುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಪ್ರಶ್ನೆ: ನನ್ನ ಸ್ನೇಹಿತರು 4 ಕೆ.ಜಿ. ಧರಿಸುತ್ತಾರೆ. ನನಗೂ ಅಷ್ಟೇ ಸಾಕೇ?
ಉತ್ತರ: ಇಲ್ಲ. ಒಬ್ಬರ ತೂಕ ಇನ್ನೊಬ್ಬರಿಗೆ ಅಳತೆಯಾಗುವುದಿಲ್ಲ. ಕ್ರಮಾಂಕ 3.1 ರ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಕಳಚಿ ಬಿಟ್ಟ ಬೆಲ್ಟ್ ಸಮುದ್ರದ ಪಾಲಾದರೆ ಬೆಲೆ ತೆರಬೇಕಾಗುವುದೇ?
ಉತ್ತರ: ಇದು ಸಂಸ್ಥೆಯ ಷರತ್ತುಗಳನ್ನು ಅವಲಂಬಿಸಿದೆ, ಮುಂಚಿತವಾಗಿ ಕೇಳಿ ತಿಳಿದುಕೊಳ್ಳಿ. ಷರತ್ತು ಏನೇ ಇದ್ದರೂ ಆ ಯೋಚನೆ ಕೈಯನ್ನು ತಡೆಯಬಾರದು. ಕೆಲವು ಕೆ.ಜಿ. ಸೀಸದ ಬೆಲೆ ಒಂದು ಜೀವಕ್ಕೆ ಸಮವಲ್ಲ.

ಪ್ರಶ್ನೆ: ವಿಮಾನದಲ್ಲಿ ತೂಕಗಳನ್ನು ಒಯ್ಯಬೇಕೇ?
ಉತ್ತರ: ಅಗತ್ಯವಿಲ್ಲ. ಡೈವಿಂಗ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸೀಸದ ಬಟ್ಟುಗಳನ್ನು ಒದಗಿಸಲಾಗುತ್ತದೆ. ಬೇಕಿದ್ದಲ್ಲಿ ನಿಮ್ಮದೇ ಬೆಲ್ಟ್ ಮತ್ತು ಕ್ಲಿಪ್‌ಗಳನ್ನು ಒಯ್ಯಬಹುದು.

13. ಸೂಚನೆ

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಇದು ತರಬೇತಿಗೆ ಪರ್ಯಾಯವಲ್ಲ. ಅರ್ಹ ತರಬೇತುದಾರರ ಮೇಲ್ವಿಚಾರಣೆಯಿಲ್ಲದೆ ತೂಕದ ಪರೀಕ್ಷೆಯನ್ನಾಗಲಿ ತೂಕ ಕಳಚುವ ಅಭ್ಯಾಸವನ್ನಾಗಲಿ ಸಮುದ್ರದಲ್ಲಿ, ಕೆರೆಯಲ್ಲಿ ಅಥವಾ ಈಜುಕೊಳದಲ್ಲಿ ಮಾಡಬಾರದೆಂದು ಈ ಮೂಲಕ ತಿಳಿಸಲಾಗಿದೆ.